ಗುಟ್ಟು ಓಣಿಗೆ ಬೇಡ, ಡಾಕ್ಟರರಿಗೆ ಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಆರು ತಿಂಗಳ ಗರ್ಭಿಣಿಯೊಬ್ಬಳು ಅತ್ತೆಯ ಜೊತೆ ನನ್ನ ದವಾಖಾನೆಗೆ ಬಂದಳು. ರಾತ್ರಿಯೆಲ್ಲ ಒಣಕೆಮ್ಮು, ನಿದ್ದೆ ಇಲ್ಲ. ನಾಡಿ ನೋಡಿದೆ, ಗಂಟಲು ನೋಡಿದೆ, ಜ್ವರ ಇರಲಿಲ್ಲ. ಮೂರು ದಿನ ಕುಡಿಯಲು ಜೋಶಾಂದಾ ಕೊಟ್ಟು ಕಳಿಸಿದೆ. ಬಿಪಿ ನೋಡಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದರು ಎಂಬುದು ನೆಪವಷ್ಟೆ.

ಹತ್ತು ದಿನ ಬಿಟ್ಟು ಮತ್ತೆ ಬಂದಳು. ಕೆಮ್ಮು ಹೋಗಿತ್ತು. ಔಷಧಿ ಚಲೋ ಆಗ್ಯದ ಎಂದು ಮನೆಯವರು ಅದನ್ನೇ ಪೇಟೆಯಿಂದ ತಂದು ಕುಡಿಸುತ್ತಲೇ ಇದ್ದರು. ಈಗ ಕಾಲು ಬಾತಿತ್ತು, ಹಣೆ ಸಿಡಿಯುತ್ತಿತ್ತು. ಬಿಪಿ 150/100. ಅತ್ತೆ ನೀರು ತರಲು ಹೊರಗೆ ಹೋದ ಅರೆಗಳಿಗೆಯಲ್ಲಿ ಅವಳು ತಲೆ ತಗ್ಗಿಸಿ ಹೇಳಿದಳು: "ಸಾಹೇಬ್ರ, ಇದು ಹುಬ್ಬಳ್ಳ್ಯಾಗ ಐವಿಎಫ್ ಮಾಡಿಸಿದ್ದರಿ. ನಮ್ಮ ಅತ್ತಿಗೆ ಗೊತ್ತಿಲ್ರಿ. ತಾಯಿ ಕಾರ್ಡಿನ್ಯಾಗೂ ಬರಸಿಲ್ರಿ. ಯಾರ ಮುಂದೂ ಹೇಳಬ್ಯಾಡ್ರಿ."

ಜೋಶಾಂದಾದಲ್ಲಿ ಜ್ಯೇಷ್ಠಮಧು ಇರುತ್ತದೆ, ನಾವು ಮುಲೇಠಿ ಎನ್ನುವುದು ಅದನ್ನೇ. ಗಂಟಲಿಗೆ ಒಳ್ಳೆಯದು, ಆದರೆ ಹೆಚ್ಚು ದಿನ ಕುಡಿದರೆ ಮೈಯಲ್ಲಿ ಉಪ್ಪು-ನೀರು ಹಿಡಿದಿಟ್ಟು ಬಿಪಿ ಏರಿಸುತ್ತದೆ. ಐವಿಎಫ್ ಗರ್ಭಿಣಿಗೆ ಬಿಪಿ ಏರುವ ಸಾಧ್ಯತೆ ಮೊದಲೇ ಹೆಚ್ಚು. ಈ ಎರಡನ್ನೂ ಬಲ್ಲ ನಾನೇ ಅವಳಿಗೆ ಅದನ್ನು ಕೊಟ್ಟಿದ್ದೆ, ಏಕೆಂದರೆ ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅಂದೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಹೆರಿಗೆ ಸ್ವಲ್ಪ ಬೇಗ ಆಯಿತು. ಅಲ್ಹಮ್ದುಲಿಲ್ಲಾಹ್, ತಾಯಿ-ಮಗು ಇಬ್ಬರೂ ಉಳಿದರು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ರೋಗಿಗಳನ್ನು ನಾನು ನೋಡುತ್ತೇನೆ, ಅವಳು ಯಾವ ಊರಿನವಳು ಎಂದು ಹೇಳುವುದಿಲ್ಲ. ಊರು ಯಾವುದಾದರೂ ಕಥೆ ಒಂದೇ. ಮದುವೆಯಾಗಿ ಐದಾರು ವರ್ಷ, ಮಕ್ಕಳಿಲ್ಲ. ಮೊದಲು ತಾಯಿತ, ಆಮೇಲೆ ನಮ್ಮಂಥವರ ಮಾಜೂನು, ಆಮೇಲೆ ಹುಬ್ಬಳ್ಳಿಯದೋ ದಾವಣಗೆರೆಯದೋ ಆಸ್ಪತ್ರೆ. ಬಂಗಾರ ಅಡವಿಟ್ಟೋ ಗೋವಿನಜೋಳದ ದುಡ್ಡು ಕೂಡಿಸಿಯೋ ಲಕ್ಷಗಟ್ಟಲೆ ಖರ್ಚು. ಕೂಸು ನಿಂತ ಮರುದಿನದಿಂದ ಗುಟ್ಟು. ಆ ಗುಟ್ಟಿನ ಬಗ್ಗೆಯೇ ಈ ಲೇಖನ, ಏಕೆಂದರೆ ಅದು ತಾಯಿಯ ಮತ್ತು ಕೂಸಿನ ರಕ್ತನಾಳಗಳಿಗೆ ಸಂಬಂಧಿಸಿದ್ದು.

ರಕ್ತನಾಳವೆಂದರೆ ಬರೀ ಪೈಪಲ್ಲ. ಹೊಲಕ್ಕೆ ಹಾಕುವ ಹೊಸ ರಬ್ಬರ್ ಪೈಪು ನೀರಿನ ಒತ್ತಡ ಬಂದಾಗ ಕೊಂಚ ಉಬ್ಬಿ ದಾರಿ ಕೊಡುತ್ತದೆ. ಎರಡು ಬೇಸಿಗೆ ಬಿಸಿಲಲ್ಲಿ ಬಿದ್ದ ಪೈಪು ಗಡಸಾಗುತ್ತದೆ, ಉಬ್ಬುವುದಿಲ್ಲ, ಒತ್ತಡವೆಲ್ಲ ಪಂಪಿನ ಮೇಲೆ. ನಮ್ಮ ಪಂಪು ಹೃದಯ. ರಕ್ತನಾಳದ ಒಳಮೈಗೆ ಅಂಟಿಕೊಂಡು ಒಂದು ತೆಳು ಪದರವಿದೆ. ರಕ್ತ ಜೋರಾಗಿ ಹರಿದಾಗ ಆ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ, ಅದರಿಂದ ನಾಳ ಸಡಿಲಗೊಂಡು ಅಗಲವಾಗುತ್ತದೆ. ಇದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ನಮ್ಮ ಹಕೀಮರು ಅನಿಲದ ಹೆಸರು ಅರಿಯದಿದ್ದರೂ ನಾಳದ ಗಡಸುತನವನ್ನು ಬೆರಳಲ್ಲಿ ಅರಿತಿದ್ದರು. ನಬ್ಜ್ ನೋಡುವಾಗ ಗಮನಿಸಬೇಕಾದ ಹತ್ತು ಸಂಗತಿಗಳಲ್ಲಿ ನಾಳದ ಮೈ ಗಟ್ಟಿಯೋ ಮೆದುವೋ ಎಂಬುದೂ ಒಂದು. ಆದರೆ ಈಗ ನಾನು ಹೇಳಹೊರಟ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂದರೆ ಯಾವ ಹಕೀಮನ ಬೆರಳಿಗೂ ಅದು ಸಿಗುವುದಿಲ್ಲ.

ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಉರ್ಸ್ ಶೆರರ್ ಎಂಬ ವೈದ್ಯರ ತಂಡ ಐವಿಎಫ್ ಮತ್ತು ಅಂಥದೇ ವಿಧಾನಗಳಿಂದ ಹುಟ್ಟಿದ 65 ಮಕ್ಕಳನ್ನೂ ಸಹಜವಾಗಿ ಹುಟ್ಟಿದ 57 ಮಕ್ಕಳನ್ನೂ ಪರೀಕ್ಷಿಸಿತು. ಎಲ್ಲರೂ ಆರೋಗ್ಯವಂತ ಶಾಲಾ ಮಕ್ಕಳು. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಕೆಲವು ನಿಮಿಷ ರಕ್ತ ತಡೆಯುವುದು, ಆಮೇಲೆ ಒಮ್ಮೆಲೇ ಬಿಡುವುದು, ಹರಿದು ಬಂದ ರಕ್ತಕ್ಕೆ ನಾಳ ಎಷ್ಟು ಅಗಲವಾಯಿತು ಎಂದು ಸ್ಕ್ಯಾನಿನಲ್ಲಿ ಅಳೆಯುವುದು. ಸಹಜ ಮಕ್ಕಳಲ್ಲಿ ನಾಳ 8.6 ಪ್ರತಿಶತ ಹಿಗ್ಗಿತು, ಐವಿಎಫ್ ಮಕ್ಕಳಲ್ಲಿ 6.7. ಕತ್ತಿನ ರಕ್ತನಾಳದ ಗೋಡೆಯೂ ಈ ಮಕ್ಕಳಲ್ಲಿ ತುಸು ದಪ್ಪವಿತ್ತು. ಬಳಿಕ ಮಕ್ಕಳನ್ನು 3,450 ಮೀಟರ್ ಎತ್ತರದ ಯುಂಗ್‌ಫ್ರಾವ್ ಬೆಟ್ಟದ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಶ್ವಾಸಕೋಶದ ನಾಳಗಳ ಬಲಾಬಲ ಬಯಲಿಗೆ ಬರುತ್ತದೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳದ ಒತ್ತಡ ಐವಿಎಫ್ ಮಕ್ಕಳಲ್ಲಿ ಸುಮಾರು 30 ಪ್ರತಿಶತ ಹೆಚ್ಚಿತ್ತು. (ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹರಿಯುವ ಈ ಹಾದಿಯನ್ನು 13ನೇ ಶತಮಾನದಲ್ಲೇ ವಿವರಿಸಿದವರು ಡಮಾಸ್ಕಸ್‌ನಲ್ಲಿ ಕಲಿತ ಇಬ್ನ್ ನಫೀಸ್ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಿ.) ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

ಯಾರಿಗಾದರೂ ಬರುವ ಪ್ರಶ್ನೆ: ತಂದೆ-ತಾಯಿಗೇ ಏನೋ ದೋಷವಿತ್ತಲ್ಲ, ಅದಕ್ಕೇ ಮಕ್ಕಳಾಗಿರಲಿಲ್ಲ, ಅದೇ ಮಕ್ಕಳಿಗೂ ಬಂದಿರಬಹುದಲ್ಲ? ಅವರು ಇದನ್ನೂ ನೋಡಿದರು. ಅದೇ ತಂದೆ-ತಾಯಿಗೆ ಸಹಜವಾಗಿ ಹುಟ್ಟಿದ ಅಣ್ಣ-ತಂಗಿಯರ ನಾಳಗಳು ಸರಿಯಾಗಿದ್ದವು. ಅಂಡ ಬಲಿಯಲು ಹಾರ್ಮೋನು ಮಾತ್ರ ತೆಗೆದುಕೊಂಡು, ಗರ್ಭ ಮೈಯೊಳಗೇ ಕಟ್ಟಿದ ತಾಯಂದಿರ ಮಕ್ಕಳೂ ಸರಿಯಾಗಿದ್ದರು. ಹಾಗಾದರೆ ಸಂಶಯ ಹೋಗುವುದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಭ್ರೂಣ ಕಳೆಯುವ ಆ ಮೊದಲ ಮೂರರಿಂದ ಐದು ದಿನಗಳ ಮೇಲೆ.

ಅದೇ ತಂಡ 2013ರಲ್ಲಿ ಇಲಿಗಳ ಮೇಲೆ ನೋಡಿದಾಗ ಇದಕ್ಕೆ ಒಂದು ಕಾರಣ ಸಿಕ್ಕಿತು. ತಟ್ಟೆಯಲ್ಲಿ ಬೆಳೆಸಿದ ಭ್ರೂಣದಿಂದ ಹುಟ್ಟಿದ ಇಲಿಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಜೀನ್ ಕೆಟ್ಟಿರಲಿಲ್ಲ, ಆದರೆ ಅದರ ಕೆಲಸ ಕುಗ್ಗಿತ್ತು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಹಾಗೆಯೇ ಇದೆ, ಆದರೆ ಆ ಪುಟಕ್ಕೆ ಪಿನ್ನು ಚುಚ್ಚಿಬಿಟ್ಟಿದ್ದಾರೆ, ತೆರೆದು ಓದಲು ಬರುತ್ತಿಲ್ಲ ಎಂದುಕೊಳ್ಳಿ. ಮೊದಲ ದಿನಗಳಲ್ಲಿ ಭ್ರೂಣ ಯಾವ ದ್ರವದಲ್ಲಿ, ಯಾವ ವಾತಾವರಣದಲ್ಲಿ ಇರುತ್ತದೆ ಎಂಬುದರಿಂದ ಇಂಥ ಪಿನ್ನು ಬೀಳುತ್ತದೆ. ಆ ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ಕೊಟ್ಟಾಗ ಅವುಗಳ ಆಯುಷ್ಯ ಕಡಿಮೆಯಾಯಿತು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಹೊಟ್ಟೆಯೊಳಗಿನ ಕೂಸಿನ ಮಾತೇನು? ಸ್ಪೇನಿನ ಬಾರ್ಸಿಲೋನಾದ ವೈದ್ಯರು ಐವಿಎಫ್‌ನ 100 ಭ್ರೂಣಗಳನ್ನೂ ಸಹಜವಾದ 100 ಭ್ರೂಣಗಳನ್ನೂ ಗರ್ಭದಲ್ಲಿರುವಾಗಲೇ ಸ್ಕ್ಯಾನ್ ಮಾಡಿ ನೋಡಿದರು. ಐವಿಎಫ್ ಕೂಸುಗಳ ಹೃದಯ ತುಸು ದುಂಡಗೆ, ಗೋಡೆ ತುಸು ದಪ್ಪಗೆ ಕಂಡಿತು. ಹುಟ್ಟಿ ಆರು ತಿಂಗಳಾದ ಮೇಲೆ ನೋಡಿದರೆ ಬಿಪಿ ಸ್ವಲ್ಪ ಹೆಚ್ಚು, ಕತ್ತಿನ ನಾಳದ ಗೋಡೆ ಸ್ವಲ್ಪ ದಪ್ಪ. ಬರ್ನ್‌ನ ಮಕ್ಕಳು ಹದಿಹರೆಯಕ್ಕೆ ಬಂದಾಗ, 2018ರಲ್ಲಿ, ಅವರಿಗೆ ಇಡೀ ದಿನ ಬಿಪಿ ಯಂತ್ರ ಕಟ್ಟಿ ಅಳೆದರು. ಐವಿಎಫ್‌ನ 52 ಹುಡುಗ-ಹುಡುಗಿಯರಲ್ಲಿ 8 ಜನರಿಗೆ ರಕ್ತದೊತ್ತಡವಿತ್ತು, ಸಹಜವಾಗಿ ಹುಟ್ಟಿದ 43ರಲ್ಲಿ ಒಬ್ಬರಿಗೆ ಮಾತ್ರ.

ಇಷ್ಟು ಓದಿ ಎದೆ ಒಡೆದುಕೊಂಡ ತಾಯಂದಿರೇ, ಇನ್ನೊಂದು ಮಗ್ಗುಲನ್ನೂ ಓದಿ. 2023ರಲ್ಲಿ ಯುರೋಪು, ಆಸ್ಟ್ರೇಲಿಯಾ, ಸಿಂಗಾಪುರದ 14 ಅಧ್ಯಯನಗಳನ್ನು ಕೂಡಿಸಿ 35 ಸಾವಿರಕ್ಕೂ ಹೆಚ್ಚು ಮಕ್ಕಳ ಬಿಪಿ, ಸಕ್ಕರೆ, ಕೊಬ್ಬು ಹೋಲಿಸಿದರು. ಐವಿಎಫ್ ಮಕ್ಕಳಿಗೂ ಇತರರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ದೊಡ್ಡವರಾದಂತೆ ಬಿಪಿ ತುಸು ಮೇಲಕ್ಕೆ ಹೋಗುವ ಸೂಚನೆ ಮಾತ್ರ ಇತ್ತು. ಬರ್ನ್‌ನಲ್ಲಿ ನೋಡಿದ ಮಕ್ಕಳು ಕೆಲವೇ ಕೆಲವರು, ಅಳತೆ ಬಹಳ ಸೂಕ್ಷ್ಮ. ಇಲ್ಲಿ ಮಕ್ಕಳು ಬಹಳ, ಅಳತೆ ಸಾಮಾನ್ಯ ಬಿಪಿ ಪಟ್ಟಿಯದು. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ನನ್ನ ಅಭಿಪ್ರಾಯ ಇಷ್ಟು: ಐವಿಎಫ್ ಮಗು ರೋಗಿಷ್ಠ ಮಗುವಲ್ಲ, ಆದರೆ ಕಣ್ಣಿಟ್ಟು ನೋಡಬೇಕಾದ ಮಗು. ಕಣ್ಣಿಟ್ಟು ನೋಡಬೇಕಾದವರಿಗೇ ವಿಷಯ ಗೊತ್ತಿಲ್ಲದಿದ್ದರೆ?

ಗರ್ಭದಲ್ಲಿ ನಡೆದದ್ದು ನಲವತ್ತು-ಐವತ್ತು ವರ್ಷ ಕಳೆದ ಮೇಲೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿಗೇ ಹೋಗಬೇಕಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಪುಸ್ತಕಗಳು ಉಳಿದಿದ್ದವು. ಅದನ್ನು ಹಿಡಿದು ಬ್ರಿಟನ್ನಿನ ಮತ್ತು ಮೈಸೂರಿನ ವೈದ್ಯರು ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ವರದಿ ಮಾಡಿದರು. ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಸುಮಾರು ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ. ಏಳು ಪೌಂಡಿನ ಮೇಲಿದ್ದವರಲ್ಲಿ ನೂರಕ್ಕೆ 3. ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಮುಂದೆ ಮೈಸೂರಿನವರ ರಕ್ತನಾಳದ ಬಿಗಿತವನ್ನೇ ಅಳೆದು ನೋಡಿದಾಗ ಅದಕ್ಕೂ ಹುಟ್ಟಿದ ತೂಕಕ್ಕೂ ನಂಟು ಕಾಣಲಿಲ್ಲ. ಮೈ ಅಷ್ಟು ಸರಳ ಲೆಕ್ಕ ಕೊಡುವುದಿಲ್ಲ. ಆದರೆ ಯಾವ ಲೆಕ್ಕ ಹಾಕುವುದಕ್ಕೂ ಮೊದಲು ಬೇಕಾದದ್ದು ಯಾರೋ ನರ್ಸಮ್ಮ ಬರೆದಿಟ್ಟ ಆ ಒಂದು ಸಾಲು. ನಮ್ಮ ಮನೆಗಳಲ್ಲಿ ಐವಿಎಫ್ ಫೈಲನ್ನು ಹೆರಿಗೆಯಾದ ಮೇಲೆ ಒಲೆಗೆ ಹಾಕಿದವರನ್ನು ನಾನು ಬಲ್ಲೆ.

ಯಾಕೆ ಇಷ್ಟು ನಾಚಿಕೆ? ಹರಾಮ್ ಎಂಬ ಭಯವೇ ಹೆಚ್ಚಿನವರಿಗೆ. "ಟ್ಯೂಬಿನ ಕೂಸು ಜಾಯಿಜ್ ಏನ್ರಿ?" ಎಂದು ಬಾಗಿಲು ಮುಚ್ಚಿಸಿ ಕೇಳುತ್ತಾರೆ. ನಾನು ಮುಫ್ತಿಯಲ್ಲ, ಆದರೆ ಈ ಪ್ರಶ್ನೆ ಹೊಸದೂ ಅಲ್ಲ. ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಜಾದುಲ್ ಹಕ್ 1980ರಲ್ಲೇ ಫತ್ವಾ ಕೊಟ್ಟಿದ್ದಾರೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ನಿರ್ಣಯ ಮಾಡಿದೆ. ನಿಕಾಹ್ ಇರುವ ಗಂಡ-ಹೆಂಡತಿಯದೇ ವೀರ್ಯ, ಅಂಡ, ಅದೇ ಹೆಂಡತಿಯ ಗರ್ಭಕೋಶ. ಅಗತ್ಯವಿದ್ದಾಗ, ಅದಲುಬದಲಾಗದಂತೆ ಪೂರ್ಣ ಎಚ್ಚರ ವಹಿಸಿ ಮಾಡಿಸಿದರೆ ಅಡ್ಡಿಯಿಲ್ಲ. ಮೂರನೆಯವರ ವೀರ್ಯ, ಅಂಡ, ಬಾಡಿಗೆ ಗರ್ಭ ಕೂಡದು. ಸಂಶಯವಿದ್ದವರು ತಮ್ಮ ಆಲಿಮರನ್ನು ಕೇಳಲಿ. ವೃದ್ಧಾಪ್ಯದಲ್ಲೂ ಮಗುವಿಗಾಗಿ ದುಆ ಮಾಡಿದ ಝಕರಿಯ್ಯಾ(ಅ)ರ ಕಥೆ ಕೇಳಿ ಬೆಳೆದ ನಮಗೆ ಮಕ್ಕಳಿಲ್ಲದವರ ನೋವು ಹೊಸದಲ್ಲ. ಹಾಗಿದ್ದೂ ಆ ಹೆಣ್ಣಿಗೆ ಓಣಿಯಲ್ಲಿ ಅಂಟಿಸುವ ಹೆಸರು ಬೇರೆ. ತಪಾಸಣೆಗೆ ಗಂಡ ಬರುವುದೇ ಇಲ್ಲ, ಆದರೆ ದೋಷ ಅವನಲ್ಲೂ ಅಷ್ಟೇ ಇರುತ್ತದೆ. ಗುಟಖಾ ಬಾಯಿ ತುಂಬ ಹಾಕಿಕೊಂಡು "ನಮ್ಮಾಕಿಗೆ ಔಷಧಿ ಕೊಡ್ರಿ" ಎನ್ನುವವರಿಗೆ ನಾನು ಮೊದಲು ವೀರ್ಯ ಪರೀಕ್ಷೆಯ ಚೀಟಿ ಬರೆದುಕೊಡುತ್ತೇನೆ. ಅರ್ಧ ಜನ ಮತ್ತೆ ಬರುವುದಿಲ್ಲ.

ಓಣಿಗೆಲ್ಲ ಹೇಳಿ ಎಂದು ನಾನು ಹೇಳುತ್ತಿಲ್ಲ. ಗಂಡ-ಹೆಂಡತಿಯ ಮರ್ಯಾದೆ ಅವರದು. ನನ್ನ ಬೇಡಿಕೆ ಸಣ್ಣದು: ತಾಯಿ ಕಾರ್ಡಿನಲ್ಲಿ 'ಐವಿಎಫ್' ಎಂಬ ಮೂರಕ್ಷರ ಬರೆಸಿ. ಆಶಾ ಅಕ್ಕ ನಮ್ಮ ಓಣಿಯವಳೇ, ಸುದ್ದಿ ಹಬ್ಬಿಸುತ್ತಾಳೆ ಎಂಬ ಭಯವಿದ್ದರೆ ಪಿಎಚ್‌ಸಿ ಡಾಕ್ಟರರನ್ನು ಒಬ್ಬರೇ ಕಂಡು ಹೇಳಿ. ಹೆರಿಗೆ ಮಾಡಿಸುವವರಿಗೆ ಹೇಳಿ, ಮಕ್ಕಳ ವೈದ್ಯರಿಗೆ ಹೇಳಿ, ನನ್ನಂಥ ಹಕೀಮನಿಗೂ ಹೇಳಿ.

ಹೇಳಿದರೆ ಏನು ಬದಲಾಗುತ್ತದೆ? ತಾಯಿಯ ಮಟ್ಟಿಗಂತೂ ಬಹಳ ಬದಲಾಗುತ್ತದೆ. ಸಹಜ ಗರ್ಭದಲ್ಲಿ ಅಂಡ ಹೊರಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಒಂದು ಹಳದಿ ಗಂಟು ಕಟ್ಟುತ್ತದೆ. ಅದು ಬಿಡುವ ರಸಗಳಲ್ಲಿ ಒಂದು ತಾಯಿಯ ರಕ್ತನಾಳಗಳನ್ನು ಸಡಿಲಿಸಿ, ಹೆಚ್ಚಿದ ರಕ್ತಕ್ಕೆ ದಾರಿ ಮಾಡುತ್ತದೆ. ಭ್ರೂಣವನ್ನು ಶೀತಲಗೊಳಿಸಿಟ್ಟು, ಆಮೇಲೆ ಮಾತ್ರೆ-ಇಂಜೆಕ್ಷನ್ನಿನಿಂದಲೇ ಗರ್ಭಕೋಶ ಸಜ್ಜುಮಾಡಿ ಇಡುವ ಪದ್ಧತಿಯಲ್ಲಿ ಈ ಗಂಟೇ ಇರುವುದಿಲ್ಲ. ಅಂಥ ಗರ್ಭಿಣಿಯರಲ್ಲಿ ಬಿಪಿ ಏರುವುದು ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಮುಟ್ಟು ಕ್ರಮವಾಗಿ ಆಗುವವರಿಗೆ ಅವರದೇ ಸಹಜ ಚಕ್ರದಲ್ಲಿ ಭ್ರೂಣ ಇಡಬಹುದೇ ಎಂದು ಕೇಳುವ ಹಕ್ಕು ನಿಮಗಿದೆ. ಬಿಪಿ ಏರುವ ಅಪಾಯ ಹೆಚ್ಚಿರುವವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು ನಾಲ್ಕು ತಿಂಗಳು ತುಂಬುವ ಮೊದಲೇ ಶುರುಮಾಡುತ್ತಾರೆ. ವಿಷಯ ಆರನೇ ತಿಂಗಳಲ್ಲಿ ಗೊತ್ತಾದರೆ ಆ ದಾರಿ ಮುಚ್ಚಿಹೋಗಿರುತ್ತದೆ. ಮಾತ್ರೆ ಬೇಕೋ ಬೇಡವೋ ಹೆರಿಗೆ ಡಾಕ್ಟರರು ಹೇಳಬೇಕು, ಮೆಡಿಕಲ್ ಅಂಗಡಿಯವನಲ್ಲ.

ಕೂಸಿನ ಮಟ್ಟಿಗೆ, ಐದನೇ ತಿಂಗಳ ಸ್ಕ್ಯಾನಿನ ಹೊತ್ತಿಗೆ ಅದರ ಹೃದಯವನ್ನು ಬೇರೆಯಾಗಿ ನೋಡುವ ಫೀಟಲ್ ಎಕೋ ಮಾಡಿಸಬಹುದು. ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್ನಿನ 77 ಲಕ್ಷ ಮಕ್ಕಳ ದಾಖಲೆ ನೋಡಿದ 2024ರ ಅಧ್ಯಯನದಲ್ಲಿ ದೊಡ್ಡ ಹೃದಯದೋಷ ಸಹಜ ಮಕ್ಕಳಲ್ಲಿ ನೂರಕ್ಕೆ 1.15, ಐವಿಎಫ್‌ನಂಥ ವಿಧಾನಗಳ ಮಕ್ಕಳಲ್ಲಿ 1.84 ಇತ್ತು. ನೂರರಲ್ಲಿ 98 ಮಕ್ಕಳು ಸರಿಯೇ ಇದ್ದರು ಎಂದೂ ಇದನ್ನು ಓದಬೇಕು. ನಮ್ಮಲ್ಲಿ ಚಿಕ್ಕಪ್ಪ-ದೊಡ್ಡಪ್ಪ, ಮಾವ-ಫೂಫಿಯ ಮಕ್ಕಳಲ್ಲೇ ಮದುವೆ ಸಾಮಾನ್ಯ. ಹುಟ್ಟುದೋಷಕ್ಕೆ ಅದೂ ಒಂದು ಕಾರಣವಾಗುವುದರಿಂದ ಅಂಥ ದಂಪತಿ ಈ ಸ್ಕ್ಯಾನನ್ನು ಬಿಡಬಾರದು. ಹುಟ್ಟಿದ ಮೇಲೆ ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಿ, ಹೃದಯದೋಷ ಸಿಕ್ಕರೆ ಅವರ ಮೂಲಕ ಉಚಿತ ಚಿಕಿತ್ಸೆಗೆ ದಾರಿಯಿದೆ. ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಮಗುವಿನ ಬಿಪಿ ನೋಡಿಸಿ. ಮಗುವಿಗೆ ಮಗುವಿನ ಅಳತೆಯ ಪಟ್ಟಿಯೇ ಬೇಕು, ದೊಡ್ಡವರ ಪಟ್ಟಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಅವಳಿ ಮಕ್ಕಳ ಮಾತನ್ನೂ ಹೇಳಿಬಿಡುತ್ತೇನೆ. ಎರಡು-ಮೂರು ಭ್ರೂಣ ಇಟ್ಟರೆ ಒಂದಾದರೂ ನಿಲ್ಲುತ್ತದೆ, ಕೊಟ್ಟ ದುಡ್ಡು ದಕ್ಕುತ್ತದೆ ಎಂದು ನಮ್ಮ ಜನರೇ ಒತ್ತಾಯಿಸುತ್ತಾರೆ. "ಒಂದೇ ಖರ್ಚಿನ್ಯಾಗ ಎರಡು ಬರ್ಲಿ ಬಿಡ್ರಿ" ಎಂದು ಹಿರೇಕೆರೂರ ಕಡೆಯ ಅಜ್ಜ ಒಬ್ಬರು ನಗುನಗುತ್ತ ಹೇಳಿದ್ದರು. ಅವಳಿಗಳೆಂದರೆ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕ, ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ. ಮೈಸೂರಿನ ಆ 517 ಜನರ ಲೆಕ್ಕ ಇಲ್ಲಿ ನೆನಪಾಗಲಿ. ಐವಿಎಫ್ ಮಕ್ಕಳಿಗೆ ಬರುವ ತೊಂದರೆಗಳ ದೊಡ್ಡ ಪಾಲು ಈ ಅವಳಿ-ತ್ರಿವಳಿಯಿಂದಲೇ ಬರುವುದು. ವಯಸ್ಸು ಚಿಕ್ಕದಿದ್ದು ಭ್ರೂಣ ಚೆನ್ನಾಗಿದ್ದರೆ ಒಂದನ್ನೇ ಇಡಲು ಕೇಳಿ.

ಕಾನೂನೂ ನಿಮ್ಮ ಪರವಾಗಿದೆ. 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಕ್ಲಿನಿಕ್ ಐವಿಎಫ್ ಮಾಡುವಂತಿಲ್ಲ. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿ. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ ಗರ್ಭದ ಅಪಾಯ ಎಲ್ಲವನ್ನೂ ಮೊದಲೇ ತಿಳಿಸಬೇಕು. ಮುಗಿದ ಮೇಲೆ ಯಾವ ವಿಧಾನ ಮಾಡಿದರು ಎಂಬ ವಿವರವಿರುವ ಡಿಸ್ಚಾರ್ಜ್ ಪ್ರಮಾಣಪತ್ರ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡಿನ ಜೊತೆ ಇಡಿ. ದಯವಿಟ್ಟು ಒಲೆಗೆ ಹಾಕಬೇಡಿ.

ನಮ್ಮ ಯೂನಾನಿಯವರಿಗೂ ಎರಡು ಮಾತು. ಮುಟ್ಟಿನ ಏರುಪೇರು, ಮೈತೂಕ ಇವುಗಳಿಗೆ ನಮ್ಮಲ್ಲಿ ಪಥ್ಯವಿದೆ, ದಾರಿಯಿದೆ. ಆದರೆ ಗರ್ಭನಾಳ ಕಟ್ಟಿದ್ದರೆ, ವೀರ್ಯದಲ್ಲಿ ಕಣವೇ ಇಲ್ಲದಿದ್ದರೆ ಮಾಜೂನು ತಿನ್ನಿಸುತ್ತ ಆ ಹೆಣ್ಣಿನ ಮೂವತ್ತರ ಪ್ರಾಯ ಕಳೆಯುವುದು ಅಮಾನತ್‌ಗೆ ಬಗೆಯುವ ದ್ರೋಹ. ಇತ್ತ ಎಲ್ಲರನ್ನೂ ನೇರ ಐವಿಎಫ್‌ಗೆ ಅಟ್ಟುವುದೂ ತಪ್ಪು. ಥೈರಾಯ್ಡ್, ಗರ್ಭಕೋಶದ ಕ್ಷಯ, ಗಂಡನ ಪರೀಕ್ಷೆ ಇವು ಅಗ್ಗದವು, ಮೊದಲು ಆಗಬೇಕಾದವು. ಗರ್ಭಿಣಿಗೆ ಕುಶ್ತಾ ಯಾವ ಕಾರಣಕ್ಕೂ ಬೇಡ. ಮುಲೇಠಿಯ ಮಾತು ಹೇಳಿಯಾಗಿದೆ, ನನ್ನ ತಪ್ಪಿನ ಸಮೇತ.

ಇಲಿಗಳ ಮಾತಿಗೆ ಬರುತ್ತೇನೆ. ಹತ್ತು ವರ್ಷ ಕಾದು ಬಂದ ಮಗುವನ್ನು ನಮ್ಮ ಮನೆಗಳಲ್ಲಿ ಹೇಗೆ ಬೆಳೆಸುತ್ತೇವೆ ನೋಡಿ. ಅತ್ತರೆ ಚಾಕೊಲೇಟು, ಅಳದಿದ್ದರೂ ಐದು ರೂಪಾಯಿ ಪ್ಯಾಕೆಟ್ಟು. ದಾದಿ ಒಂದು ಕಡೆ, ನಾನಿ ಒಂದು ಕಡೆ ನಿಂತು ತುಪ್ಪದ ತುತ್ತು. ಬಿಸಿಲಿಗೆ ಬಿಡುವುದಿಲ್ಲ, ಓಡಲು ಬಿಡುವುದಿಲ್ಲ, ಬಿದ್ದೀತು ಎಂಬ ಭಯ. ಸವಣೂರು ಖಾರಾ ನನಗೂ ಪ್ರಾಣ, ಆದರೆ ನಾಲ್ಕು ವರ್ಷದ ಕೂಸಿಗೆ ದಿನಾ ಸಂಜೆ ಒಂದು ಪೊಟ್ಟಣವೇ? ಹುಟ್ಟುವಾಗಲೇ ನಾಳಗಳು ತುಸು ಬಿಗಿಯಾಗಿದ್ದಿರಬಹುದಾದ ಮಗುವಿನ ಮೇಲೆ ಉಪ್ಪು, ಎಣ್ಣೆ, ಬೊಜ್ಜು ಹೇರುವುದು ಪ್ರೀತಿಯಲ್ಲ. ರೊಟ್ಟಿ, ಸೊಪ್ಪಿನ ಪಲ್ಯ, ಹೆಸರುಕಾಳು, ಸೀಸನ್ನಿನಲ್ಲಿ ಹಾನಗಲ್ಲ ಕಡೆಯ ಮಾವು. ಮನೆಯಲ್ಲಿ ಬೀಡಿ-ಸಿಗರೇಟಿನ ಹೊಗೆ ಇಲ್ಲದಿರುವುದು. ದಿನಾ ಒಂದು ತಾಸು ಮಣ್ಣಲ್ಲಿ ಓಡಾಟ. ಇದಕ್ಕೆ ವಿಟಮಿನ್ ಡಬ್ಬಿಯ ಖರ್ಚಿಲ್ಲ, ಡಾಕ್ಟರರ ಚೀಟಿಯೂ ಬೇಡ.

ಆ ಹೆಣ್ಣುಮಗಳ ಕೂಸಿಗೆ ಈಗ ನಾಲ್ಕು ವರ್ಷ. ಅತ್ತೆಗೆ ಗೊತ್ತಾಗಿದ್ದು ಹೆರಿಗೆಯ ಹೊತ್ತಿಗೇ, ಆಸ್ಪತ್ರೆಯ ಕಾಗದದಲ್ಲಿ. ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಸೊಸೆಗೆ, "ನನಗ ಹೇಳಿದ್ರ ನಾನೂ ನಿನ್ನ ಸಂಗಾಟ ಹುಬ್ಬಳ್ಳಿಗೆ ಬರ್ತಿದ್ನೆಲ್ಲ ಬೇಟಿ, ಒಬ್ಬಾಕೀನ ಅಷ್ಟು ಸೂಜಿ ಚುಚ್ಚಿಸಿಕೊಂಡ್ಯಾ" ಎಂದರಂತೆ. ಕಳೆದ ತಿಂಗಳು ಆ ಅಜ್ಜಿ ತಮ್ಮ ಮಂಡಿನೋವಿಗೆಂದು ಬಂದವರು ಮೊಮ್ಮಗನನ್ನೂ ಕುರ್ಚಿಯ ಮೇಲೆ ಕೂರಿಸಿ, "ಸಾಹೇಬ್ರ, ಇವಂದೂ ಬಿಪಿ ನೋಡ್ರಿ, ಇವ ಐವಿಎಫ್ ಕೂಸು" ಎಂದರು, ಹೊರಗೆ ಕೂತವರಿಗೂ ಕೇಳುವಷ್ಟು ಜೋರಾಗಿ. ನನ್ನಲ್ಲಿ ಮಕ್ಕಳ ಅಳತೆಯ ಪಟ್ಟಿ ಇರಲಿಲ್ಲ. ಮರುದಿನವೇ ಹುಬ್ಬಳ್ಳಿಯಿಂದ ತರಿಸಿದೆ. ಈಗ ಮೇಜಿನ ಮೇಲೆ ದೊಡ್ಡದರ ಪಕ್ಕದಲ್ಲೇ ಇದೆ.